ಬಾಣಲೆಯ ತಳ ಕಾಣುವವರೆಗೆ

ಪ್ರೀತಿಯ ಬ್ಯಾಂಬಿನೋ,

ಹೇಗಿದ್ದೀಯ? ಫೋನಿನಲ್ಲಿ ಕೇಳಬಹುದಾದ ಪ್ರಶ್ನೆಯನ್ನು ಹೀಗೆ ನಾಲ್ಕು ಜನ ಓದುವ ಕಡೆ ಕೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನಾವು ಮಳೆ ಬಂತಾ, ಕೊಬ್ಬರಿ ರೇಟು ಎಷ್ಟಾಯ್ತು, ಮಂಡಿನೋವು ಹೇಗಿದೆ ಅಂತ ಮಾತಾಡಿ ಇಟ್ಟುಬಿಡುತ್ತೇವೆ. ಐದು ನಿಮಿಷ ದಾಟುವುದಿಲ್ಲ. ಇಲ್ಲಿ ಬರೆದರೆ ಮಧ್ಯದಲ್ಲಿ ನಿಲ್ಲಿಸೋಕೆ ಆಗಲ್ಲ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ. ಓದುತ್ತಿರುವ ಉಳಿದವರೂ ನಮ್ಮ ಜೊತೆ ಕೂರಲಿ. ನಿಮ್ಮ ಮನೆ ನಡುಮನೆಯಲ್ಲಿ ಯಾವತ್ತೂ ಹದಿನೈದು ಜನಕ್ಕಿಂತ ಕಡಿಮೆ ಇದ್ದದ್ದೇ ಇಲ್ಲವಲ್ಲ.

ಮೊನ್ನೆ ಭಾನುವಾರ ಮನೆಗೆ ಮೂರು ಕೆಜಿ ಅವರೆಕಾಯಿ ತಂದೆ. ಮಾಗಡಿ ಕಡೆಯದು. ಸೊಗಡು ಇನ್ನೂ ಬೆರಳಿಗೆ ಅಂಟಿಕೊಂಡೇ ಇದೆ. ಅಷ್ಟನ್ನೂ ಬಿಡಿಸಬೇಕಲ್ಲ, ಕೈಗೆ ಕೆಲಸ, ಕಣ್ಣಿಗೆ ಏನಾದರೂ ಬೇಕು ಅಂತ ಟೀವಿ ಹಾಕಿದೆ. ಏನು ಹಾಕಿದೆ ಅಂತ ಹೇಳಬೇಕಾ? ಅವರೆಕಾಳು ಮುಂದಿಟ್ಟುಕೊಂಡು ನಾವಿಬ್ಬರೂ ನೋಡಬೇಕಾದ ಪಿಕ್ಚರ್ ಜಗತ್ತಿನಲ್ಲಿ ಒಂದೇ ಒಂದು.

'ದೇ ಕಾಲ್ ಮಿ ಟ್ರಿನಿಟಿ'. 1970.

ಅದೇ ಶಿಳ್ಳೆ. ಅದೇ ಮರಳುಗಾಡು. ಕುದುರೆ ತನ್ನ ಪಾಡಿಗೆ ನಡೆಯುತ್ತಿದೆ. ಅದರ ಹಿಂದೆ ಎರಡು ಕೋಲಿಗೆ ಬಟ್ಟೆ ಕಟ್ಟಿ ಮಾಡಿದ ಹಾಸಿಗೆ, ನೆಲಕ್ಕೆ ಉಜ್ಜಿಕೊಂಡು ಬರುತ್ತಿದೆ. ಅದರ ಮೇಲೆ ಮೈಯೆಲ್ಲ ಧೂಳಾದ ಒಬ್ಬ ಮನುಷ್ಯ ನಿದ್ದೆ ಹೊಡೆಯುತ್ತಿದ್ದಾನೆ. ಬೇರೆ ಯಾವ ಕೌಬಾಯ್ ಪಿಕ್ಚರಿನಲ್ಲಾದರೂ ಹೀರೋ ಮಲಗಿಕೊಂಡು ಎಂಟ್ರಿ ಕೊಟ್ಟಿದ್ದಾನಾ? ಕುದುರೆ ನಿಂತಾಗ ಏಳುತ್ತಾನೆ. ಒಳಗೆ ಹೋಗುತ್ತಾನೆ. ಬಾಣಲೆಯಲ್ಲಿ ಬೇಯಿಸಿಟ್ಟ ಬೀನ್ಸ್ ಕಾಳು. ತಟ್ಟೆಗೆ ಹಾಕಿಕೊಳ್ಳುವ ತಾಳ್ಮೆ ಅವನಿಗಿಲ್ಲ. ಬಾಣಲೆಯನ್ನೇ ಎಳೆದುಕೊಂಡು ಮರದ ಚಮಚದಿಂದ ತಿನ್ನಲು ಶುರು ಮಾಡುತ್ತಾನೆ.

ಈ ಸಲ ನಾನು ಅದನ್ನು ಹತ್ತಿರದಿಂದ ನೋಡಿದೆ, ಬ್ಯಾಂಬಿನೋ. ಟೀವಿ ದೊಡ್ಡದು, ಪ್ರಿಂಟು ಶುದ್ಧ. ನಮ್ಮ ಕ್ಯಾಸೆಟ್ಟಿನಲ್ಲಿ ಅವನ ಮುಖದ ಮೇಲೆ ಯಾವಾಗಲೂ ಗೆರೆಗಳು ಓಡುತ್ತಿದ್ದವಲ್ಲ. ಈಗ ಎಲ್ಲ ಕಾಣುತ್ತದೆ. ಅವನು ಅಗಿಯುವುದೇ ಇಲ್ಲ. ಒಂದು ಚಮಚ ಒಳಗೆ ಹೋಗುವಾಗಲೇ ಇನ್ನೊಂದು ಚಮಚ ಬಾಣಲೆಗೆ ಇಳಿದಿರುತ್ತದೆ. ಆದರೆ ಅವಸರವಿಲ್ಲ. ಹಸಿದವನ ಅವಸರ ಕೈಯಲ್ಲಿದೆ, ಕಣ್ಣಿನಲ್ಲಿ ಮಾತ್ರ ಮಧ್ಯಾಹ್ನದ ನಿದ್ದೆಯಿಂದ ಎದ್ದವನ ಸಮಾಧಾನ. ಪಕ್ಕದಲ್ಲಿ ಇಬ್ಬರು ತಲೆಗೆ ದುಡ್ಡು ತೆಗೆದುಕೊಳ್ಳುವ ಬೇಟೆಗಾರರು, ಅವರು ಹಿಡಿದು ತಂದ ಗಾಯಗೊಂಡ ಕೈದಿ. ಎಲ್ಲರೂ ಇವನನ್ನೇ ನೋಡುತ್ತಿದ್ದಾರೆ. ಇವನಿಗೆ ಪರಿವೆಯೇ ಇಲ್ಲ. ಕೊನೆಗೆ ಬ್ರೆಡ್ಡಿನಿಂದ ತಳ ಒರೆಸಿ, ಅದನ್ನೂ ಬಾಯಿಗೆ ಹಾಕಿಕೊಂಡು, ತೇಗುತ್ತಾನೆ. ಆಮೇಲೆ ಕೈದಿಯನ್ನು ಕರೆದುಕೊಂಡು ಹೊರಡುತ್ತಾನೆ. ಹಿಂದಿನಿಂದ ಗುಂಡು ಹೊಡೆಯಲು ಬಂದವರನ್ನು ತಿರುಗಿ ಕೂಡ ನೋಡದೆ ಹೊಡೆದು ಮಲಗಿಸುತ್ತಾನೆ.

ಅದು ನಟನೆಯ ಹಸಿವಲ್ಲ, ನಿಜವಾದ ಹಸಿವು. ಆ ದೃಶ್ಯಕ್ಕಾಗಿ ಟ್ರಿನಿಟಿ ಪಾತ್ರ ಮಾಡಿದ ನಟ ಟೆರೆನ್ಸ್ ಹಿಲ್ ಮೊದಲೇ ಉಪವಾಸ ಇದ್ದು ಬಂದಿದ್ದರಂತೆ. ಬಾಣಲೆ ಪೂರ್ತಿ ಖಾಲಿ ಮಾಡಿದ್ದೂ ನಿಜವೇ.

ಇಷ್ಟನ್ನು ನೋಡುವ ಹೊತ್ತಿಗೆ ನನಗೆ ಏನೋ ಕಡಿಮೆ ಅನ್ನಿಸತೊಡಗಿತು. ಸೌಂಡ್ ಜಾಸ್ತಿ ಮಾಡಿದೆ. ಆದರೂ ಕಡಿಮೆಯೇ. ಸ್ವಲ್ಪ ಹೊತ್ತು ಹೋದ ಮೇಲೆ ಹೊಳೆಯಿತು. ಅಪ್ಪನ ಧ್ವನಿ ಇರಲಿಲ್ಲ.

ನಿನ್ನಪ್ಪನ ಧ್ವನಿ.

ನಮ್ಮ ಜೊತೆ ಕೂತವರಿಗೆ ಎರಡು ಮಾತು ಹೇಳಬೇಕು. ತಿಪಟೂರಿನಲ್ಲಿ ಶನಿವಾರ ರಾತ್ರಿ ಇವನ ಮನೆಗೆ ಬಾಡಿಗೆ ವಿಸಿಆರ್ ಬರುತ್ತಿತ್ತು. ಮೂರು ಕ್ಯಾಸೆಟ್. ಒಂದು ರಾಜ್‌ಕುಮಾರ್, ಒಂದು ಹಿಂದಿ, ಒಂದು ಇಂಗ್ಲಿಷ್ ಫೈಟಿಂಗ್. ಇವನಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಅದಕ್ಕೇ ಇಂಗ್ಲಿಷ್ ಪಿಕ್ಚರಿಗೆ ಅವರೇ ಕನ್ನಡ ಹಾಕುತ್ತಿದ್ದರು. ಪರದೆಯ ಮೇಲೆ ಬಾಯಿ ಅಲ್ಲಾಡಿದರೆ ಸಾಕು, ಇಲ್ಲಿ ಡೈಲಾಗ್ ಶುರು. "ಲೋ, ನಿಧಾನಕ್ಕೆ ತಿನ್ನೋ, ಗಂಟಲಿಗೆ ಸಿಕ್ಕೀತು." "ಅಮ್ಮಾ, ಇನ್ನೊಂದು ಸೌಟು ಹಾಕು." ಟ್ರಿನಿಟಿಯ ದಪ್ಪನೆಯ ಅಣ್ಣ ಬ್ಯಾಂಬಿನೋ (ಇವನಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ) ಬಂದಾಗ ಬೇರೆ ಧ್ವನಿ, ಮಂಡಿಯ ಸಾಹುಕಾರರ ಧ್ವನಿ. ಹದಿನೈದು ಜನ ನಕ್ಕು ನಕ್ಕು ಸುಸ್ತು. ಪಿಕ್ಚರಿನಲ್ಲಿ ನಿಜವಾಗಿ ಏನು ಮಾತಾಡುತ್ತಾರೆ ಅನ್ನುವುದು ನನಗೆ ತುಂಬಾ ವರ್ಷ ಗೊತ್ತೇ ಇರಲಿಲ್ಲ.

ಈಗ ನಿನಗೊಂದು ವಿಷಯ ಹೇಳುತ್ತೇನೆ, ಕೇಳು. ನಾವು ನೋಡಿದ ಆ ಮನುಷ್ಯನ ಹೆಸರು ಟೆರೆನ್ಸ್ ಹಿಲ್ ಅಲ್ಲ, ಮಾರಿಯೋ ಜಿರೊಟ್ಟಿ. ಅಮೆರಿಕದವನೂ ಅಲ್ಲ. 1939 ರ ಮಾರ್ಚ್ 29 ರಂದು ವೆನಿಸ್‌ನಲ್ಲಿ ಹುಟ್ಟಿದವನು. ಅಪ್ಪ ಇಟಲಿಯವರು, ಅಮ್ಮ ಜರ್ಮನಿಯವರು. ಅಷ್ಟೇ ಅಲ್ಲ, ಇಟಲಿಯ ಪ್ರಿಂಟಿನಲ್ಲಿ ಕೇಳುವ ಧ್ವನಿ ಕೂಡ ಅವರದಲ್ಲ. ಆಗ ಇಟಲಿಯಲ್ಲಿ ಎಲ್ಲವನ್ನೂ ಆಮೇಲೆ ಡಬ್ ಮಾಡುತ್ತಿದ್ದರು. ಟ್ರಿನಿಟಿಗೆ ಇಟಾಲಿಯನ್ ಧ್ವನಿ ಕೊಟ್ಟವರು ಪೀನೊ ಲೊಕ್ಕಿ ಎಂಬ ಕಲಾವಿದರು. ಅಣ್ಣನ ಪಾತ್ರ ಮಾಡಿದ ಬಡ್ ಸ್ಪೆನ್ಸರ್‌ಗೆ ಗ್ಲೌಕೊ ಒನೊರಾತೊ. ಜರ್ಮನಿಯಲ್ಲಿ ಟೆರೆನ್ಸ್ ಹಿಲ್ ಅಂದರೆ ಥಾಮಸ್ ಡಾನೆಬರ್ಗ್ ಅವರ ಧ್ವನಿ. ಅಲ್ಲಿ ರೈನರ್ ಬ್ರಾಂಟ್ ಎಂಬವರು ಮೂಲದಲ್ಲಿ ಇಲ್ಲದ ಜೋಕುಗಳನ್ನೆಲ್ಲ ಸೇರಿಸಿ ಹೊಸ ಡೈಲಾಗ್ ಬರೆಯುತ್ತಿದ್ದರು. ಇವರಿಬ್ಬರ ಹಳೆಯ ಸೀರಿಯಸ್ ಪಿಕ್ಚರ್ ಕೂಡ ಜರ್ಮನಿಯಲ್ಲಿ ಮತ್ತೆ ಡಬ್ ಆಗಿ ಕಾಮಿಡಿ ಆಯಿತು. ಜನ ಅದನ್ನೇ ಜಾಸ್ತಿ ಇಷ್ಟಪಟ್ಟರು.

ಓದಿದ ಕೂಡಲೇ ನನಗೆ ಅನ್ನಿಸಿದ್ದು ಒಂದೇ. ರೋಮಿನಲ್ಲಿ ಆ ಮನುಷ್ಯನ ಧ್ವನಿ ಪೀನೊ ಲೊಕ್ಕಿ. ಬರ್ಲಿನ್ನಿನಲ್ಲಿ ಡಾನೆಬರ್ಗ್. ತಿಪಟೂರಿನಲ್ಲಿ ನಿನ್ನಪ್ಪ. ಮೂರೂ ಒಂದೇ ಸಾಲಿನಲ್ಲಿ ನಿಲ್ಲುವ ಮಾತು, ನಾನು ಉಬ್ಬಿಸಿ ಹೇಳುತ್ತಿಲ್ಲ.

ಅವತ್ತು ರಾತ್ರಿ ನಾನು ಮಲಗಲಿಲ್ಲ. ಆ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹೇಳದೆ ಇರಲಾರೆ, ಸ್ವಲ್ಪ ತಾಳಿಕೋ.

ಯುದ್ಧದ ಕಾಲದಲ್ಲಿ ಆ ಕುಟುಂಬ ಜರ್ಮನಿಯ ಲೊಮ್ಮಾಟ್ಶ್ ಎಂಬ ಸಣ್ಣ ಊರಿನಲ್ಲಿತ್ತು. ಅಮ್ಮನ ಕಡೆಯ ಊರು. ಡ್ರೆಸ್ಡೆನ್ ನಗರಕ್ಕೆ ಹತ್ತಿರ. 1945 ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಮೇಲೆ ಬಾಂಬುಗಳು ಸುರಿದಾಗ ಈ ಹುಡುಗನಿಗೆ ಆರು ತುಂಬಿರಲಿಲ್ಲ. ಆಮೇಲೆ ಇಟಲಿಗೆ ವಾಪಸ್ಸು. ಹನ್ನೆರಡನೇ ವಯಸ್ಸಿಗೆ ಈಜಿನ ಸ್ಪರ್ಧೆಯೊಂದರಲ್ಲಿ ನಿರ್ದೇಶಕ ದೀನೊ ರೀಸಿ ಇವನನ್ನು ನೋಡಿದರು. 1951 ರಲ್ಲಿ ಮೊದಲ ಪಿಕ್ಚರ್. ನೀಲಿ ಕಣ್ಣಿನ ಚಂದದ ಹುಡುಗ, ಸಣ್ಣ ಸಣ್ಣ ಪಾತ್ರ. 1963 ರಲ್ಲಿ ಲುಕೀನೊ ವಿಸ್ಕೊಂತಿಯವರ 'ದಿ ಲೆಪರ್ಡ್' ಚಿತ್ರದಲ್ಲಿ ಒಬ್ಬ ಜಮೀನ್ದಾರಿ ಯುವಕನ ಪಾತ್ರ ಮಾಡಿದ್ದಾರೆ. ಬರ್ಟ್ ಲ್ಯಾಂಕಾಸ್ಟರ್, ಅಲೆನ್ ಡೆಲೋನ್ ಇರುವ ಆ ದೊಡ್ಡ ಚಿತ್ರದಲ್ಲಿ ನಮ್ಮ ಟ್ರಿನಿಟಿ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿದ್ದಾನೆ. ಮೈ ಮೇಲೆ ಒಂದು ಚೂರು ಧೂಳಿಲ್ಲ! ಅಲ್ಲಿಂದ ಜರ್ಮನ್ ಲೇಖಕ ಕಾರ್ಲ್ ಮೇ ಅವರ ಕಥೆಗಳ ಚಿತ್ರಗಳು. ಅಮೆರಿಕದ ಮೂಲನಿವಾಸಿಗಳ ಕಥೆ, ಶೂಟಿಂಗ್ ಮಾತ್ರ ಯುಗೊಸ್ಲಾವಿಯಾದಲ್ಲಿ.

1967 ರಲ್ಲಿ ಬದುಕು ತಿರುಗಿತು. ಜುಸೆಪ್ಪೆ ಕೊಲಿಜ್ಜಿ ಎಂಬ ನಿರ್ದೇಶಕರು ಸ್ಪೇನಿನ ಅಲ್ಮೆರಿಯಾದಲ್ಲಿ 'ಗಾಡ್ ಫರ್ಗಿವ್ಸ್... ಐ ಡೋಂಟ್' ಎಂಬ ಕೌಬಾಯ್ ಪಿಕ್ಚರ್ ತೆಗೆಯುತ್ತಿದ್ದರು. ಹೀರೋ ಆಗಬೇಕಿದ್ದ ಪೀಟರ್ ಮಾರ್ಟೆಲ್ ಕಾಲು ಮುರಿದುಕೊಂಡರು. ಆ ಜಾಗಕ್ಕೆ ಮಾರಿಯೋ ಜಿರೊಟ್ಟಿಯನ್ನು ಕರೆಸಿದರು. ಇಟಾಲಿಯನ್ ಹೆಸರಿದ್ದರೆ ಕೌಬಾಯ್ ಪಿಕ್ಚರ್ ಓಡಲ್ಲ ಅನ್ನುವ ಕಾಲ ಅದು. ಹೆಸರುಗಳ ಪಟ್ಟಿಯೊಂದನ್ನು ಕೈಗೆ ಕೊಟ್ಟು ಆರಿಸಿಕೋ ಅಂದರು. ಟೆರೆನ್ಸ್ ಹಿಲ್ ಅನ್ನುವುದನ್ನು ಆರಿಸಿಕೊಂಡರು. ಇಪ್ಪತ್ತೆಂಟು ವರ್ಷ ಒಂದು ಹೆಸರಿನಲ್ಲಿ ಬದುಕಿದವನು ಒಂದು ಪಟ್ಟಿ ನೋಡಿ ಇನ್ನೊಬ್ಬನಾದ.

ಅದೇ ಸೆಟ್ಟಿನಲ್ಲಿ ಇನ್ನೊಬ್ಬ ಹೊಸ ಹೆಸರಿನವನಿದ್ದ. ಆರಡಿ ಮೀರಿದ ಆಳು. ಕಾರ್ಲೊ ಪೆದೆರ್ಸೋಲಿ, ನೇಪಲ್ಸ್‌ನವನು. ಬಡ್ವೈಸರ್ ಬಿಯರಿನಿಂದ ಬಡ್, ನಟ ಸ್ಪೆನ್ಸರ್ ಟ್ರೇಸಿ ಅವರಿಂದ ಸ್ಪೆನ್ಸರ್. ನಿನ್ನ ಹೆಸರಿನ ಮೂಲ ಪುರುಷ! ಅವನೂ ಈಜುಗಾರನೇ. 1950 ರಲ್ಲಿ ನೂರು ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದ ಒಳಗೆ ಈಜಿದ ಮೊದಲ ಇಟಾಲಿಯನ್ ಅವನು. 59.5 ಸೆಕೆಂಡು. ಹೆಲ್ಸಿಂಕಿ, ಮೆಲ್ಬರ್ನ್, ಎರಡು ಒಲಿಂಪಿಕ್ಸ್. ಆ ದೇಹ ನೀರಿನಲ್ಲಿ ಹಾಗೆ ಓಡುತ್ತಿತ್ತು ಅಂತ ನಮಗೆ ಆಗ ಯಾರಾದರೂ ಹೇಳಿದ್ದರೆ ಅಮಾನಿಕೆರೆಯ ಆ ಪಂದ್ಯ ಬೇರೆ ಥರ ಮುಗಿಯುತ್ತಿತ್ತೇನೋ. ಇರಲಿ, ಅದನ್ನು ಇಲ್ಲಿ ಎತ್ತಲ್ಲ.

ಅವರಿಬ್ಬರೂ ಮೊದಲು ಮಾಡಿದ್ದು ಸೀರಿಯಸ್ ಪಿಕ್ಚರುಗಳು. ರಕ್ತ, ಸೇಡು, ಹೆಣ. 1968 ರಲ್ಲಿ ಜ್ಯಾಂಗೋ ಎಂಬ ಕೌಬಾಯ್ ಪಾತ್ರಕ್ಕೂ ಹಿಲ್ ಬಂದರು. ಮೊದಲ ಜ್ಯಾಂಗೋ ಫ್ರಾಂಕೊ ನೀರೊಗೂ ಇವರಿಗೂ ಮುಖ, ಕಣ್ಣು ಅಷ್ಟು ಹೋಲುತ್ತಿತ್ತು. ಅಂದರೆ ಅಲ್ಲಿಯವರೆಗೆ ಈ ಮನುಷ್ಯನಿಗೆ ಸಿಕ್ಕಿದ್ದೆಲ್ಲ ಇನ್ನೊಬ್ಬರ ಜಾಗ. ಕಾಲು ಮುರಿದವನ ಜಾಗ. ಬೇರೆಯವನ ಮುಖದ ಜಾಗ.

ಟ್ರಿನಿಟಿ ಬಂದಾಗ ಮಾತ್ರ ಅದು ಅವರದೇ ಜಾಗವಾಯಿತು. ನಿರ್ದೇಶಕ ಎಂಜೊ ಬರ್ಬೋನಿ. ಮೊದಲ 'ಜ್ಯಾಂಗೋ' ಚಿತ್ರಕ್ಕೆ ಕ್ಯಾಮೆರಾ ಹಿಡಿದವರೇ ಅವರು. ಅಷ್ಟೊಂದು ಹೆಣಗಳನ್ನು ಕ್ಯಾಮೆರಾದಲ್ಲಿ ನೋಡಿದ ಮನುಷ್ಯ ತನ್ನ ಸರದಿ ಬಂದಾಗ ಕಡಿಮೆ ಗುಂಡು, ಜಾಸ್ತಿ ಕೆನ್ನೆಗೆ ಹೊಡೆತ ಇರುವ ಕಥೆ ಬರೆದರು. ನನಗೆ ಇದು ಬಹಳ ಇಷ್ಟವಾದ ಸಂಗತಿ. ಅಮೆರಿಕದ ಊರು, ಅಮೆರಿಕದ ಕಣಿವೆ ಅಂತ ನಾವು ನಂಬಿದ್ದೆಲ್ಲ ಇಟಲಿಯ ಬೆಟ್ಟಗಳೇ.

ಹಿಲ್ ಅವರ ಶಕ್ತಿ ಇರುವುದು ಹಗುರದಲ್ಲಿ. ಏನನ್ನೂ ಒತ್ತಿ ಮಾಡಲ್ಲ. ಆದರೆ ಆ ಹಗುರಕ್ಕೂ ಕೆಳಗೆ ಒಂದು ಭಾರ ಇದೆ. ಹಸಿವು ಬರಬೇಕು ಅಂದರೆ ಉಪವಾಸ ಇರುವ ಮನುಷ್ಯ ಅವರು. 1990 ರಲ್ಲಿ ಅವರ ದತ್ತು ಮಗ ಹದಿನಾರನೇ ವಯಸ್ಸಿಗೆ ಕಾರು ಅಪಘಾತದಲ್ಲಿ ತೀರಿಕೊಂಡ. ಅದರ ಮರು ವರ್ಷ ಬಂದ ಪಿಕ್ಚರ್ 'ಲಕಿ ಲೂಕ್'. ಕಾಮಿಕ್ ಪುಸ್ತಕದ ಕೌಬಾಯ್, ಮಕ್ಕಳು ನಗುವ ಪಿಕ್ಚರ್. ಅದನ್ನು ನಿರ್ದೇಶಿಸಿದ್ದೂ ಅವರೇ. ಆ ಸೆಟ್ಟಿನಲ್ಲಿ ಬೆಳಿಗ್ಗೆ ಬಿಳಿ ಕುದುರೆ ಹತ್ತುವಾಗ ಆ ಅಪ್ಪನ ಮನಸ್ಸು ಎಲ್ಲಿತ್ತು ಅಂತ ಯೋಚಿಸುತ್ತಾ ರಾತ್ರಿ ಎರಡು ಗಂಟೆಯವರೆಗೆ ಕೂತಿದ್ದೆ.

ಹಾಲಿವುಡ್ ಅವರನ್ನು ಹಿಡಿದುಕೊಳ್ಳಲಿಲ್ಲ. 1977 ರಲ್ಲಿ ಎರಡು ಪಿಕ್ಚರ್ ಮಾಡಿದರು, ಒಂದರಲ್ಲಿ ಜೀನ್ ಹ್ಯಾಕ್‌ಮನ್ ಜೊತೆ. ಎರಡೂ ಅಷ್ಟಾಗಿ ಓಡಲಿಲ್ಲ. ಆಮೇಲೆ ಅರವತ್ತು ದಾಟಿದ ಮೇಲೆ, 2000 ದಲ್ಲಿ, ಇಟಲಿಯ ಟೀವಿಯಲ್ಲಿ 'ದೊನ್ ಮತ್ತೇಯೊ' ಧಾರಾವಾಹಿ ಶುರುವಾಯಿತು. ಸೈಕಲ್ ತುಳಿಯುವ ಪಾದ್ರಿ, ಕೊಲೆಯ ಗುಟ್ಟು ಬಿಡಿಸುತ್ತಾನೆ. 2022 ರವರೆಗೆ ಆ ಪಾತ್ರ ಮಾಡಿದರು. ಮೊದಲ ವರ್ಷಗಳಲ್ಲಿ ಕಥೆ ನಡೆಯುವ ಊರಿನ ಹೆಸರು ಏನು ಗೊತ್ತಾ? ಗುಬ್ಬಿಯೊ! ಅಪ್ಪನಿಗೆ ಇದನ್ನು ಹೇಳಬೇಕಿತ್ತು ಅಲ್ವಾ? "ಗುಬ್ಬಿ ಆದ್ಮೇಲೆ ನಿಟ್ಟೂರು, ಆಮೇಲೆ ನಮ್ಮೂರು, ಇಳ್ಕೊಂಡು ಬಾರಪ್ಪ ಟ್ರಿನಿಟಿ" ಅನ್ನುತ್ತಿದ್ದರು. ನನಗೆ ಅವರ ಧ್ವನಿಯಲ್ಲೇ ಕೇಳಿಸಿತು. ಅರ್ಧರಾತ್ರಿ ಒಬ್ಬನೇ ಜೋರಾಗಿ ನಕ್ಕೆ. ಆಮೇಲೆ ನಗು ನಿಂತಿತು.

ಬಡ್ ಸ್ಪೆನ್ಸರ್ ತೀರಿಕೊಂಡದ್ದು 2016 ರ ಜೂನ್ 27 ರಂದು, ರೋಮಿನಲ್ಲಿ. ಸುದ್ದಿ ತಿಳಿದಾಗ ಹಿಲ್ ಎಲ್ಲಿದ್ದರು ಗೊತ್ತಾ? ಅಲ್ಮೆರಿಯಾದಲ್ಲಿ. ಹೊಸ ಪಿಕ್ಚರಿನ ಕೆಲಸಕ್ಕೆ ಹೋಗಿದ್ದರು. ನಲವತ್ತೊಂಬತ್ತು ವರ್ಷದ ಹಿಂದೆ ಇಬ್ಬರೂ ಸೇರಿದ ಅದೇ ನೆಲ. ಅಲ್ಲಿಂದ ಹೊರಟು ಬಂದರು. ಪಿಯಾತ್ಸಾ ದೆಲ್ ಪೊಪೊಲೊದ ಕಲಾವಿದರ ಚರ್ಚಿನಲ್ಲಿ ಗೆಳೆಯನ ಅಂತ್ಯಕ್ರಿಯೆಗೆ ನಿಂತರು. ಅಷ್ಟು ಪಿಕ್ಚರುಗಳಲ್ಲಿ ಒಬ್ಬರಿಗೊಬ್ಬರು ಬೈದುಕೊಂಡವರು. ಆದರೆ ನಾವು ಒಂದು ದಿನವೂ ಜಗಳ ಆಡಿಲ್ಲ ಅಂತ ಬಡ್ ಸ್ಪೆನ್ಸರ್ ಯಾವಾಗಲೂ ಹೇಳುತ್ತಿದ್ದರು.

ಅವರು ಅಲ್ಮೆರಿಯಾದಿಂದ ಬಂದರು.

ನಾನು ಬೆಂಗಳೂರಿನಿಂದ ಬರಲಿಲ್ಲ.

ಹೋದ ಜೂನ್ ತಿಂಗಳಲ್ಲಿ ನಿನಗೆ ಏನು ಹೇಳಿದ್ದೆ? ಆಫೀಸಿನಲ್ಲಿ ಬಿಡಲಿಲ್ಲ, ಬೆಳಗಿನ ಗಾಡಿ ತಪ್ಪಿತು ಅಂದಿದ್ದೆ. ಎರಡೂ ಸುಳ್ಳು. ಕೇಳಿದ ತಕ್ಷಣ ರಜೆ ಕೊಟ್ಟಿದ್ದರು. ಗಾಡಿಯೂ ಸಿಕ್ಕಿತ್ತು. ನಾನು ತಿಪಟೂರಿನಲ್ಲಿ ಇಳಿದೆ, ಬ್ಯಾಂಬಿನೋ. ಸ್ಟೇಷನ್ನಿನಿಂದ ನಡೆದುಕೊಂಡೇ ಬಂದೆ. ಹಿಟ್ಟಿನ ಗಿರಣಿ ಇತ್ತಲ್ಲ, ಆ ಮೂಲೆಯವರೆಗೆ. ನಿಮ್ಮ ಮನೆ ಮುಂದೆ ಶಾಮಿಯಾನ ಕಾಣಿಸಿತು. ನೀಲಿ ಕುರ್ಚಿಗಳು. ನೀನು ಬರಿಗಾಲಿನಲ್ಲಿ ನಿಂತು ಯಾರಿಗೋ ಬಿದಿರು ಎಲ್ಲಿಡಬೇಕು ಅಂತ ಕೈ ತೋರಿಸುತ್ತಿದ್ದೆ. ಪಂಚೆ ಒದ್ದೆಯಾಗಿತ್ತು. ಒಂದು ನಿಮಿಷ ನಿಂತೆ. ವಾಪಸ್ ಹೊರಟೆ.

ಯಾಕೆ ಅಂತ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯಬೇಕು ಅಂತಲೂ ಕೂತವನಲ್ಲ. ಟ್ರಿನಿಟಿ ಬಗ್ಗೆ ನಾಲ್ಕು ಸಾಲು ಬರೆದು ನಿನ್ನನ್ನು ನಗಿಸೋಣ ಅಂತ ಶುರು ಮಾಡಿದ್ದು. ಆದರೆ ಬಂದಾಯಿತು.

ಅದಕ್ಕೆ ಹಿಂದಿನ ದೀಪಾವಳಿಯಲ್ಲಿ ಅಪ್ಪ ನನಗೆ ಫೋನ್ ಮಾಡಿದ್ದರು. ನಿನಗೆ ಗೊತ್ತಿಲ್ಲ. ಹೊಸ ಫೋನ್ ತಗೊಂಡಿದ್ದೀನಿ ಕಣೋ, ಆ ಅವರೆಕಾಳು ಪಿಕ್ಚರ್ ಇದಕ್ಕೆ ಹಾಕಿಕೊಡ್ತೀಯಾ ಅಂತ ಕೇಳಿದರು. ಕಣ್ಣು ಮಂಜಾಗ್ತಿದೆ, ಪೂರ್ತಿ ಹೋಗೋಕೆ ಮುಂಚೆ ಒಂದ್ಸಲ ನೋಡ್ಬೇಕು ಅಂದರು. ನಿನಗೆ ಹೇಳಬೇಡ, ಕಣ್ಣಿನ ವಿಷಯ ಕೇಳಿದರೆ ಗಾಬರಿ ಆಗ್ತಾನೆ ಅಂದರು. ನಾನು ಆಯ್ತು ಅಂಕಲ್, ಈ ತಿಂಗಳು ಬರ್ತೀನಿ ಅಂದೆ. ಸಂಕ್ರಾಂತಿಗೆ ಮತ್ತೆ ಫೋನ್ ಬಂತು. ಈ ತಿಂಗಳು ಬರ್ತೀನಿ ಅಂದೆ. ಯುಗಾದಿಗೆ ಬಂತು. ಅಷ್ಟೇ ಹೇಳಿದೆ. ನಾಲ್ಕನೇ ಸಲ ಮೇ ತಿಂಗಳಲ್ಲಿ. ಆ ಸಲ ಪಿಕ್ಚರ್ ವಿಷಯ ಎತ್ತಲೇ ಇಲ್ಲ. ಮಕ್ಕಳು ಹೇಗಿದ್ದಾರೆ ಅಂತ ಕೇಳಿ ಇಟ್ಟುಬಿಟ್ಟರು.

ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ. ಮಾಡಲಿಲ್ಲ. ಮರೆತೆ ಅನ್ನುವುದೂ ಸುಳ್ಳೇ. ನೆನಪಿತ್ತು. ಆಮೇಲೆ ಮಾಡೋಣ, ಹೇಗೂ ಹೋಗ್ತೀನಲ್ಲ, ಎದುರಿಗೆ ಕೂತು ಇಬ್ಬರೂ ನೋಡೋಣ ಅಂತ ಇಟ್ಟುಕೊಂಡೆ.

ಆ ಮೂಲೆಯಲ್ಲಿ ನಿಂತಾಗ ನನಗೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ನಿನ್ನ ಮುಖ ನೋಡುವುದಂತೂ ಇನ್ನೂ ಕಷ್ಟ. ಮೂರು ದಿನ ಬಿಟ್ಟು ನಿನಗೆ ಏನು ಕಳಿಸಿದೆ ಅಂತ ನೆನಪಿದೆಯಾ? ಬಡ್ ಸ್ಪೆನ್ಸರ್ ಇಬ್ಬರ ತಲೆ ಡಿಕ್ಕಿ ಹೊಡೆಸುವ ವಿಡಿಯೋ. ಜೊತೆಗೆ ಒಂದು ನಗುವ ಮುಖ. ಅಪ್ಪನ ಹೆಸರು ಕೂಡ ಬರೆಯಲಿಲ್ಲ. ನೀನು ಅದಕ್ಕೂ ಹೆಬ್ಬೆಟ್ಟು ಒತ್ತಿ ಕಳಿಸಿದೆ. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಕಣೋ.

ಚಿಕ್ಕಂದಿನಿಂದ ನನಗೆ ಟ್ರಿನಿಟಿ ಆಗುವ ಆಸೆ. ಯಾವುದನ್ನೂ ಮೈಗೆ ಹಚ್ಚಿಕೊಳ್ಳದೆ, ನಕ್ಕುಕೊಂಡು, ಹಾಸಿಗೆ ಕಟ್ಟಿಕೊಂಡು ಹೋಗಿಬಿಡುವವನು. ಆ ಪಿಕ್ಚರಿನ ಕೊನೆಯಲ್ಲಿ ಅವನು ಹಾಗೇ ಅಲ್ಲವಾ ಹೋಗುವುದು? ಅಷ್ಟೆಲ್ಲ ಹೊಡೆದಾಡಿ ಕಾಪಾಡಿದ ಜನರ ಜೊತೆ ಉಳಿದರೆ ಹೊಲದಲ್ಲಿ ದುಡಿಯಬೇಕು ಅಂತ ಗೊತ್ತಾದ ಕೂಡಲೇ ಮತ್ತೆ ಕುದುರೆಯ ಹಿಂದಿನ ಹಾಸಿಗೆ ಸೇರುತ್ತಾನೆ. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮೊನ್ನೆ ಅದೇ ದೃಶ್ಯಕ್ಕೆ ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಪಾತ್ರ ಹಾಗೆ ಹೋಗಬಹುದು. ಆ ಪಾತ್ರ ಮಾಡಿದ ಮನುಷ್ಯ ಹಾಗೆ ಹೋಗಲಿಲ್ಲ. 2018 ರಲ್ಲಿ, ಸುಮಾರು ಎಂಬತ್ತರ ಹೊತ್ತಿಗೆ, ತಾನೇ ಬರೆದು, ನಿರ್ದೇಶಿಸಿ, ಮೋಟಾರ್‌ಸೈಕಲ್ ಏರಿ ಮತ್ತೆ ಅಲ್ಮೆರಿಯಾದ ಮರಳುಗಾಡಿಗೆ ಹೋದರು. 'ಮೈ ನೇಮ್ ಈಸ್ ಥಾಮಸ್' ಅಂತ ಪಿಕ್ಚರ್. ಅದರಲ್ಲೂ ಬಾಣಲೆಯ ಕಾಳು ತಿನ್ನುತ್ತಾರೆ. ಅದನ್ನು ಗೆಳೆಯ ಬಡ್‌ಗೆ ಅರ್ಪಿಸಿದ್ದಾರೆ.

'ಮೈ ನೇಮ್ ಈಸ್ ನೋಬಡಿ' ನೆನಪಿದೆಯಾ? 1973 ರದು, ಹಿಲ್ ಇರುವ ಪಿಕ್ಚರ್. ಸೆರ್ಜಿಯೊ ಲಿಯೋನೆ ಯೋಚನೆ, ತೊನೀನೊ ವಲೇರಿ ನಿರ್ದೇಶನ. ನೂರೈವತ್ತು ಕುದುರೆ ಸವಾರರನ್ನು ಒಬ್ಬನೇ ಎದುರಿಸುವ ಮುದುಕ ಹೆನ್ರಿ ಫೋಂಡಾ. ನಮಗೆ ಆಗ ಬೋರ್ ಹೊಡೆದಿತ್ತು, ಹೊಡೆದಾಟ ಕಡಿಮೆ ಅಂತ. ಅಪ್ಪ ಒಬ್ಬರೇ ಕೊನೆಯವರೆಗೆ ಕೂತು ನೋಡಿದ್ದರು. ಆವತ್ತು ಅವರು ಡೈಲಾಗ್ ಹೇಳಲಿಲ್ಲ. ಟೀವಿಗೆ ಮುಖ ಕೊಟ್ಟು ಸುಮ್ನೆ ಕೂತಿದ್ದರು. ಕೊನೆಯಲ್ಲಿ ಆ ಮುದುಕ ಯುರೋಪಿಗೆ ಹೊರಟ ಹಡಗಿನಲ್ಲಿ ಕನ್ನಡಕ ಹಾಕಿಕೊಂಡು ಕೂತು, ದೂರದಲ್ಲಿ ಉಳಿದ ಕಿರಿಯ ಗೆಳೆಯನಿಗೆ ಪತ್ರ ಬರೆಯುತ್ತಾನೆ. ಎದುರಿಗೆ ಇದ್ದಾಗ ಹೇಳದೇ ಉಳಿದದ್ದನ್ನು ಆ ಪತ್ರದಲ್ಲಿ ಹೇಳುತ್ತಾನೆ. ನಿನಗೆ ಫೋನ್ ಮಾಡದೆ ಪತ್ರ ಬರೆಯಲು ಕೂತದ್ದು ಆ ದೃಶ್ಯ ನೋಡಿದ ಮೇಲೆ. ನಾನು ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ. ನನಗೂ ಬಂದಿದೆ, ಪ್ಲಸ್ ಎರಡು.

ಸಾಕು. ಜಾಸ್ತಿಯಾಯಿತು. ಇಷ್ಟು ಹೊತ್ತು ಜೊತೆಗೆ ಕೂತವರಿಗೆ ಕಾಫಿ ಕೊಡಬೇಕು ಈಗ.

ಒಳ್ಳೆಯ ಸುದ್ದಿ ಹೇಳಲಾ? ಜರ್ಮನಿಯಲ್ಲಿ ಶ್ವೇಬಿಷ್ ಗ್ಮುಂಡ್ ಅಂತ ಒಂದು ಊರು. ಅಲ್ಲೊಂದು ಸುರಂಗ ರಸ್ತೆಗೆ ಹೆಸರು ಇಡಬೇಕಿತ್ತು. 2011 ರಲ್ಲಿ ಜನರ ವೋಟು ಕೇಳಿದರು. ವೋಟೆಲ್ಲ ಬಡ್ ಸ್ಪೆನ್ಸರ್ ಸುರಂಗಕ್ಕೇ ಬಿತ್ತು! ಊರಿನ ಸಭೆ ಬೇಡ ಅಂದಿತು. ಕೊನೆಗೆ ಅಲ್ಲಿನ ಈಜುಕೊಳಕ್ಕೆ ಅವನ ಹೆಸರು ಇಟ್ಟರು. ಅವನು 1951 ರಲ್ಲಿ ಈಜಿದ ಊರು ಅದು. ಇನ್ನು ಲೊಮ್ಮಾಟ್ಶ್‌ನಲ್ಲಿ ಟೆರೆನ್ಸ್ ಹಿಲ್ ಹೆಸರಿನ ಈಜುಕೊಳ ಇದೆ. ಇಬ್ಬರಿಗೂ ಒಂದೊಂದು. ನಮ್ಮ ಅಮಾನಿಕೆರೆಯ ಸೋಪಾನಕ್ಕೆ ಯಾರ ಹೆಸರು ಇಡಬೇಕು ಅನ್ನುವುದನ್ನು ನೀನೇ ಹೇಳು. ವೋಟು ಹಾಕುವವರು ಇಬ್ಬರೇ ಇದ್ದೇವೆ, ಟೈ ಆಗುತ್ತದೆ.

ಬರುವ ಶನಿವಾರ ನಾನು ಊರಿಗೆ ಬರುತ್ತಿದ್ದೇನೆ. ಟಿಕೆಟ್ ಆಗಿದೆ. ಈ ಸಲ ಗಿರಣಿ ಮೂಲೆ ದಾಟುತ್ತೇನೆ. ಅವರೆಕಾಯಿ ನಾನೇ ತರುತ್ತೇನೆ, ಐದು ಕೆಜಿ, ನಿಮ್ಮ ಮನೆಯಲ್ಲಿ ಕೂತು ಬಿಡಿಸೋಣ. ಅಮ್ಮನಿಗೆ ಹೇಳು, ಹಿತಕಬೇಳೆ ಸಾರು ಅವರೇ ಮಾಡಬೇಕು, ಆದರೆ ಹಿತಕುವುದು ನಮ್ಮಿಬ್ಬರ ಕೆಲಸ. ಪಿಕ್ಚರನ್ನು ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಹತ್ತೇ ನಿಮಿಷ ಹಿಡಿಯಿತು. ರಾತ್ರಿ ಊಟವಾದ ಮೇಲೆ ಹಾಕೋಣ. ಸೌಂಡ್ ಪೂರ್ತಿ ಕಡಿಮೆ ಮಾಡಿ. ಸಾಹುಕಾರರ ಧ್ವನಿ ನಿನಗೆ ಬರುತ್ತದೆ, ನನಗೆ ಗೊತ್ತು. ಕೆಮ್ಮಿದಾಗ ನೀನು ಥೇಟ್ ಹಾಗೇ ಕೇಳಿಸುತ್ತೀಯ. ಟ್ರಿನಿಟಿಯದು ನಾನು ಹೇಳಲು ನೋಡುತ್ತೇನೆ. ಆಗದೇ ಹೋದರೆ ಆ ಜಾಗ ಹಾಗೇ ಇರಲಿ.

ಆಮೇಲೆ ಇನ್ನೊಂದು. ವಿಡಿಯೋ ಲೈಬ್ರರಿಗೆ ವಾಪಸ್ ಕೊಡದೇ ಉಳಿದ ಆ ಕ್ಯಾಸೆಟ್, ದಿನಕ್ಕೆ ಎರಡು ರೂಪಾಯಿ ದಂಡದ್ದು, ಅಪ್ಪ ಅಟ್ಟದ ಮೇಲೆ ಹಳೇ ಮಂಡಿ ಲೆಕ್ಕದ ಪುಸ್ತಕದ ಜೊತೆ ಇಟ್ಟಿದ್ದರು. ಹುಡುಕಿ ಇಟ್ಟಿರು. ಹಾಕೋಕೆ ವಿಸಿಆರ್ ಎಲ್ಲೂ ಇಲ್ಲ ಅಂತ ಗೊತ್ತು. ಆದರೂ ಹುಡುಕಿ ಇಟ್ಟಿರು.

ನಿನ್ನ,
ಬಲಗೈ